ಪಿಯಾನೊ ಪಾಠಕ್ಕೆ ಮಗುವಿನ ಸಿದ್ಧತೆ

ಮಗುವಿಗೆ ಪಿಯಾನೊ ಪಾಠವನ್ನು ಯಾವ ವಯಸ್ಸಿನಲ್ಲಿ ಆರಂಭಿಸಬೇಕು ಎಂದು ಕೇಳುವ ಪಾಲಕರು ಉತ್ತರವಾಗಿ ಬಯಸುವುದು ಒಂದು ಸಂಖ್ಯೆಯನ್ನು. ಆದರೆ ಪಿಯಾನೊ ಒಂದೇ ಸಾಮರ್ಥ್ಯವನ್ನು ಬೇಡುವ ವಿದ್ಯೆಯಲ್ಲ. ಸ್ವರವನ್ನೂ ಲಯವನ್ನೂ ಗುರುತಿಸುವ ಕಿವಿ, ಹತ್ತು ಬೆರಳುಗಳನ್ನು ಬಿಡಿಬಿಡಿಯಾಗಿ ಆಡಿಸಬಲ್ಲ ಕೈ, ನಾದವನ್ನು ಸಂಕೇತಗಳಲ್ಲಿ ಬರೆದಿಡುವ ಕ್ರಮವಾದ ಸ್ವರಲಿಪಿಯನ್ನು ಓದಬಲ್ಲ ಬುದ್ಧಿ, ಇವು ಒಂದೇ ಮಗುವಿನಲ್ಲಿಯೂ ಬೇರೆ ಬೇರೆ ಕಾಲಕ್ಕೆ ಪಕ್ವವಾಗುತ್ತವೆ. ಆದ್ದರಿಂದ ಸಿದ್ಧತೆಯನ್ನು ಹುಟ್ಟಿದ ದಿನಾಂಕದಿಂದ ಎಣಿಸುವುದಕ್ಕಿಂತ, ಮಗು, ವಾದ್ಯ, ಗುರು ಮತ್ತು ಮನೆ ಈ ನಾಲ್ಕರ ಹೊಂದಾಣಿಕೆಯಲ್ಲಿ ಅಳೆಯುವುದೇ ನ್ಯಾಯವಾದ ಕ್ರಮ.

ಈ ಪ್ರಶ್ನೆ ಹೊಸದೇನಲ್ಲ. ಫ್ರಾನ್ಸಿನ ರಾಜಾಸ್ಥಾನದ ಸಂಗೀತಗಾರನಾಗಿದ್ದ ಫ್ರಾಂಸ್ವಾ ಕೂಪರಾಂ, ಪಿಯಾನೊಗೆ ಹಿಂದಿನ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ನ ವಾದನವನ್ನು ಕುರಿತು 1716ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ಮಕ್ಕಳಿಗೆ ಪಾಠ ಆರಂಭಿಸಲು ಆರರಿಂದ ಏಳು ವರ್ಷ ತಕ್ಕ ವಯಸ್ಸು ಎಂದು ಹೇಳಿದನು. ಆದರೆ ಆ ಸಂಖ್ಯೆಗಿಂತ ಅದರ ಸುತ್ತ ಅವನು ಹಾಕಿದ ನಿಬಂಧನೆಗಳೇ ಹೆಚ್ಚು ಬೆಲೆಯುಳ್ಳವು. ಎಳೆಯ ಕೈಗೆ ಶ್ರಮವಾಗದಂತೆ ಹಗುರವಾಗಿ ಒತ್ತಬಹುದಾದ ವಾದ್ಯವನ್ನೇ ಕೊಡಬೇಕು, ಕೆಲವು ಕೃತಿಗಳು ಕೈಗೆ ಬಂದ ಮೇಲಷ್ಟೇ ಸ್ವರಲಿಪಿಯನ್ನು ಹೇಳಿಕೊಡಬೇಕು, ಮೊದಮೊದಲಿನ ಅಭ್ಯಾಸ ಗುರುವಿನ ಎದುರಿನಲ್ಲಿಯೇ ನಡೆಯಬೇಕು ಎಂಬುದು ಅವನ ಮತವಾಗಿತ್ತು. ಮಗುವಿನ ಸಿದ್ಧತೆಯ ಅರ್ಧ ಭಾರವನ್ನು ಕಲಿಸುವವರ ಮೇಲೆ ಹೊರಿಸಿದ ಈ ನಿಲುವು ಇಂದಿಗೂ ಹಳತಾಗಿಲ್ಲ.

ಬೇಗ ಆರಂಭಿಸಬೇಕೆನ್ನುವವರು ತಪ್ಪದೆ ಎತ್ತಿ ಹೇಳುವ ಹೆಸರು ಮೊಜಾರ್ಟ್‌ನದು. 1756ರ ಜನವರಿಯಲ್ಲಿ ಹುಟ್ಟಿದ ಆ ಬಾಲಕ, ಐದು ವರ್ಷ ತುಂಬುವುದಕ್ಕೆ ಇನ್ನೂ ಕೆಲವು ದಿನಗಳಿರುವಾಗಲೇ ಕೀಲಿಮಣೆಯ ಕೃತಿಗಳನ್ನು ಕಲಿತನೆಂದು ಅವನ ತಂದೆ ಲಿಯೋಪೋಲ್ಡ್ ಬರೆದಿಟ್ಟಿದ್ದಾನೆ. ಆದರೆ ಆ ಟಿಪ್ಪಣಿ ಇರುವುದು 1759ರಲ್ಲಿ ಅಕ್ಕ ಮರಿಯಾ ಆನಾಳ ಪಾಠಕ್ಕೆಂದು ಸಿದ್ಧವಾದ ಪುಸ್ತಕದಲ್ಲಿ ಎಂಬುದನ್ನು ಗಮನಿಸಬೇಕು. ತಮ್ಮನ ಸರದಿ ಬರುವ ಮೊದಲೇ ಅಕ್ಕನ ಪಾಠವನ್ನು ಕೇಳುವ ಅವಕಾಶ ಅವನಿಗೆ ಮನೆಯಲ್ಲಿಯೇ ಇತ್ತು, ಕಲಿಸುವವನು ವೃತ್ತಿಯಿಂದಲೇ ಸಂಗೀತಗಾರನಾಗಿದ್ದನು. ಇದಕ್ಕೆ ಪ್ರತಿಯಾಗಿ, ಯೊಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡಮಾನ್‌ಗಾಗಿ ಪಾಠದ ಪುಸ್ತಕವನ್ನು ತೆರೆದದ್ದು 1720ರಲ್ಲಿ, ಹುಡುಗನಿಗೆ ಒಂಬತ್ತು ತುಂಬಿದ ಮೇಲೆ. ಮುಂದೆ ಅವನೂ ಹೆಸರಾಂತ ವಾದಕನಾದನು. ಹೀಗಿರುವಾಗ ಅಸಾಧಾರಣ ಮಗುವೊಂದರ ವಯಸ್ಸನ್ನು ಎಲ್ಲ ಮಕ್ಕಳಿಗೂ ಅಳತೆಗೋಲಾಗಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಬೇಗ ಆರಂಭಿಸಬೇಕೆಂಬ ವಾದದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಬೇರೆ ಯಾವ ಸ್ವರದ ಆಧಾರವೂ ಇಲ್ಲದೆ ಕೇಳಿದ ನಾದವನ್ನು ಹೆಸರಿಸಬಲ್ಲ ಶಕ್ತಿ, ಅಂದರೆ ನಿರಪೇಕ್ಷ ಸ್ವರಜ್ಞಾನ, ಬಾಲ್ಯದ ಮೊದಲ ವರ್ಷಗಳಲ್ಲಿ ಸಂಗೀತ ಕಲಿತವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಆದರೆ ಬೇಗ ಕಲಿತವರೆಲ್ಲರಿಗೂ ಅದು ಒಲಿಯುವುದಿಲ್ಲ, ಒಳ್ಳೆಯ ಸಂಗೀತಗಾರರಿಗೆಲ್ಲ ಅದು ಇರಲೇಬೇಕೆಂದೂ ಇಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕಿವಿಯನ್ನು ಬೇಗ ತಿದ್ದುವುದಕ್ಕೆ ಪಿಯಾನೊ ಪಾಠವೇ ಬೇಕಿಲ್ಲ. ಹಂಗೇರಿಯ ಸಂಗೀತಶಿಕ್ಷಣ ತಜ್ಞ ಜೋಲ್ತಾನ್ ಕೊಡಾಯ್, ವಾದ್ಯಕ್ಕೆ ಮೊದಲು ಹಾಡುಗಾರಿಕೆ ಬರಬೇಕೆಂದು ಸಾಧಿಸಿದನು. ಕರ್ನಾಟಕ ಸಂಗೀತದಲ್ಲಿಯೂ ವೀಣೆ ಅಥವಾ ಪಿಟೀಲು ಕಲಿಯಬಂದ ಮಗುವಿಗೆ ಕೈಯಲ್ಲಿ ತಾಳ ಹಾಕಿಕೊಂಡು ಮಾಯಾಮಾಳವಗೌಳದ ಸರಳೆ ವರಸೆಯನ್ನು ಬಾಯಲ್ಲಿ ಹೇಳಿಸುವ ರೂಢಿ ಇದೆ. ಮೂರು ನಾಲ್ಕು ವರ್ಷದ ಮಗುವಿಗೆ ಹಾಡು, ಚಪ್ಪಾಳೆ, ಕುಣಿತ ಮತ್ತು ಒಳ್ಳೆಯ ಶ್ರವಣ ದೊರೆತರೆ, ಪಿಯಾನೊ ಮುಟ್ಟದಿದ್ದರೂ ಅದರ ಸಂಗೀತಶಿಕ್ಷಣ ತಡವಾಯಿತೆನ್ನುವಂತಿಲ್ಲ.

ಕೈಯ ವಿಚಾರ ಬೇರೆ. ಪಿಟೀಲು ಮಗುವಿನ ಅಳತೆಗೆ ತಕ್ಕಂತೆ ಕಾಲು, ಅರ್ಧ, ಮುಕ್ಕಾಲು ಗಾತ್ರಗಳಲ್ಲಿ ದೊರೆಯುತ್ತದೆ. ಪಿಯಾನೊ ಮಾತ್ರ ದೊಡ್ಡವರ ಕೈಗೆಂದೇ ಮಾಡಿದ 88 ಕೀಗಳ ವಾದ್ಯ. ಅದರ ಒಂದು ಸ್ಥಾಯಿಯ, ಅಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಸ್ವರಗಳ, ಅಗಲ ಸುಮಾರು 16.5 ಸೆಂಟಿಮೀಟರ್ ಆಗಿರುವುದರಿಂದ ಚಿಕ್ಕ ಕೈ ಅಷ್ಟು ದೂರ ಚಾಚಲಾರದು. ಆದರೆ ಮೊದಲ ಪಾಠಗಳು ಐದು ಬೆರಳಿಗೆ ಐದು ಬಿಳಿ ಕೀಗಳೆಂಬ ಲೆಕ್ಕದಲ್ಲಿಯೇ ನಡೆಯುವುದರಿಂದ ಈ ಕೊರತೆ ದೊಡ್ಡದಲ್ಲ. ನಿಜವಾಗಿ ನೋಡಬೇಕಾದದ್ದು, ಬೆರಳನ್ನು ಬಾಗಿಸಿ ತುದಿಯಿಂದ ಕೀ ಒತ್ತುವಾಗ ಅದರ ಮೇಲಿನ ಗೆಣ್ಣು ಹಿಂದಕ್ಕೆ ಮಡಚಿಹೋಗುವುದೇ, ನಾಲ್ಕನೆಯ ಬೆರಳನ್ನು ಆಡಿಸಿದರೆ ಐದನೆಯದೂ ಜೊತೆಗೆ ಏಳುವುದೇ, ಭುಜ ಬಿಗಿಯಾಗುವುದೇ ಎಂಬುದನ್ನು. ಕುರ್ಚಿಯ ಎತ್ತರ ಸರಿಪಡಿಸಿ, ಕಾಲು ತೂಗಾಡದಂತೆ ಅಡಿಗೆ ಮಣೆ ಇಟ್ಟ ಮೇಲೂ ಈ ಬಿಗಿತ ಸಡಿಲವಾಗದಿದ್ದರೆ ಇನ್ನಷ್ಟು ಕಾಯುವುದು ಲೇಸು, ಏಕೆಂದರೆ ಎಳವೆಯಲ್ಲಿ ಕೂತ ತಪ್ಪು ಭಂಗಿಯನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಮನಸ್ಸಿನ ಸಿದ್ಧತೆಗೂ ಗುರುತುಗಳಿವೆ. ಎಡ ಬಲಗಳ ತಿಳಿವು, ಒಂದೇ ಗತಿಯಲ್ಲಿ ಚಪ್ಪಾಳೆ ತಟ್ಟುವ ಶಕ್ತಿ, ಹದಿನೈದು ಇಪ್ಪತ್ತು ನಿಮಿಷ ಒಂದು ಕೆಲಸದಲ್ಲಿ ನಿಲ್ಲುವ ಗಮನ, ತಪ್ಪನ್ನು ತಿದ್ದಿದಾಗ ಕುಗ್ಗದೆ ಮತ್ತೊಮ್ಮೆ ಯತ್ನಿಸುವ ಧೈರ್ಯ, ಎಲ್ಲಕ್ಕಿಂತ ಮಿಗಿಲಾಗಿ ಕೇಳಿದ ರಾಗವನ್ನು ತಾನಾಗಿಯೇ ಕೀಲಿಮಣೆಯಲ್ಲಿ ಹುಡುಕುವ ಹಂಬಲ, ಇವು ಜನ್ಮಪತ್ರಕ್ಕಿಂತ ನಂಬತಕ್ಕ ಸಾಕ್ಷಿಗಳು. ಶಾಲೆಯಲ್ಲಿ ಅಕ್ಷರ ಕೂಡಿಸಿ ಓದಲು ಬಂದ ಮಗುವಿಗೆ ಸ್ವರಲಿಪಿಯೂ ಸುಲಭವಾಗಿ ಹತ್ತುತ್ತದೆ. ಅದಕ್ಕೆ ಮೊದಲೇ ಲಿಪಿಯನ್ನು ಹೇರಿದರೆ ಮಗು ಹಾಳೆಯನ್ನು ನೋಡುತ್ತ ನಾದವನ್ನು ಕೇಳುವುದನ್ನೇ ಮರೆಯುತ್ತದೆ.

ಜಪಾನಿನ ಶಿನಿಚಿ ಸುಜುಕಿಯ ಪದ್ಧತಿಯಲ್ಲಿ ಮೂರು ನಾಲ್ಕು ವರ್ಷದವರೂ ಕಲಿಯುವುದಿಲ್ಲವೇ ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಏಳುತ್ತದೆ. ಕಲಿಯುತ್ತಾರೆ ಎಂಬುದು ನಿಜ. ಆದರೆ ಆ ಪದ್ಧತಿಯಲ್ಲಿ ತಾಯಿ ಅಥವಾ ತಂದೆ ಪಾಠದಲ್ಲಿ ಜೊತೆಗೆ ಕೂರುತ್ತಾರೆ, ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಸುತ್ತಾರೆ, ಕಲಿಯಬೇಕಾದ ಕೃತಿಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿಸುತ್ತಾರೆ, ಲಿಪಿಯನ್ನು ಮುಂದಕ್ಕೆ ಹಾಕುತ್ತಾರೆ. ಮಗು ಚಿಕ್ಕದಾದಷ್ಟೂ ಹಿರಿಯರ ಸಮಯ ಹೆಚ್ಚು ಬೇಕೆಂಬುದೇ ಆ ಯಶಸ್ಸಿನ ತಾತ್ಪರ್ಯ. ವಾರಕ್ಕೊಮ್ಮೆ ತರಗತಿಗೆ ಬಿಟ್ಟು ಬಂದರೆ ಸಾಕೆನ್ನುವ ಮನೆಗೆ ಈ ಉದಾಹರಣೆ ಆಧಾರವಾಗಲಾರದು.

ಬೆಂಗಳೂರಿನಂಥ ನಗರಗಳಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನಂಥ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳು ಪಾಲಕರಿಗೆ ಪರಿಚಿತವಾಗಿರುವುದರಿಂದ, ಯಾವ ವಯಸ್ಸಿಗೆ ಯಾವ ಗ್ರೇಡ್ ಎಂಬ ಪೈಪೋಟಿ ಆರಂಭದ ನಿರ್ಧಾರವನ್ನೂ ಮುಟ್ಟುವ ಅಪಾಯವಿದೆ. ಪರೀಕ್ಷೆ ಕಲಿತದ್ದನ್ನು ಅಳೆಯಬಲ್ಲದೇ ಹೊರತು ಕಲಿಯಲು ಯಾವಾಗ ತೊಡಗಬೇಕೆಂದು ಹೇಳಲಾರದು. ಮೇಲಿನ ಗುರುತುಗಳು ಆರು ಏಳರ ಹೊತ್ತಿಗೆ ಹಲವು ಮಕ್ಕಳಲ್ಲಿ ಕೂಡಿಬರುವುದರಿಂದ ಕೂಪರಾಂ ಹೇಳಿದ ವಯಸ್ಸು ಒಂದು ಅಂದಾಜಾಗಿ ಉಳಿಯಬಹುದು, ಕಟ್ಟಳೆಯಾಗಿ ಅಲ್ಲ. ಸಂದೇಹವಿದ್ದಲ್ಲಿ ಕೆಲವು ತಿಂಗಳ ಪ್ರಾಯೋಗಿಕ ಪಾಠವನ್ನು ಗೊತ್ತುಮಾಡಿ, ಅದು ಹೊಂದದಿದ್ದರೆ ಮಗುವಿನ ಮೇಲೆ ಸೋಲಿನ ಹಣೆಪಟ್ಟಿ ಹಚ್ಚದೆ ನಿಲ್ಲಿಸಿ, ಹಾಡನ್ನು ಮುಂದುವರಿಸಿ, ಒಂದು ವರ್ಷದ ನಂತರ ಮತ್ತೆ ಯೋಚಿಸುವುದು ವಿವೇಕ. ಕಾದು ಆರಂಭಿಸಿದ ಪಾಠವನ್ನು ಚುರುಕಾದ ಕಲಿಕೆಯಿಂದ ಸರಿದೂಗಿಸಬಹುದು. ಒತ್ತಾಯದಿಂದ ಹುಟ್ಟಿದ ಬೇಸರವನ್ನು ನೀಗುವುದು ಅಷ್ಟು ಸುಲಭವಲ್ಲವಾದ್ದರಿಂದ, ಅನುಮಾನದ ಲಾಭ ಯಾವಾಗಲೂ ಮಗುವಿಗೇ ಸಲ್ಲಬೇಕು.