ಖರೀದಿ ಕನ್ನಡಿಯೊಳಗಿನ ಗಂಟಾಗದಿರಲಿ

ಸೋಫಾ ಕೊಳ್ಳಬೇಕಾದರೆ ಅಂಗಡಿಗೆ ಹೋಗಿ, ಕುಳಿತು ನೋಡಿ, ಚೌಕಾಶಿ ಮಾಡಿ ತರುವುದು ನಮ್ಮ ರೂಢಿ. ಇಂದು ಮೊಬೈಲ್ ಕ್ಯಾಮರಾವನ್ನು ಕೋಣೆಯತ್ತ ಹಿಡಿದರೆ ಸಾಕು, ಸೋಫಾ ನಮ್ಮ ಮನೆಯ ಗೋಡೆಯ ಪಕ್ಕದಲ್ಲೇ ಇರುವಂತೆ ಪರದೆಯಲ್ಲಿ ಕಾಣುತ್ತದೆ. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಈ ತಂತ್ರಜ್ಞಾನವನ್ನು ಐಕಿಯಾ ಸಂಸ್ಥೆ 2017ರಲ್ಲಿ ‘ಐಕಿಯಾ ಪ್ಲೇಸ್’ ಎಂಬ ಆ್ಯಪ್ ಮೂಲಕ ಗ್ರಾಹಕರ ಕೈಗಿತ್ತಿತು. ಈಗ ಕನ್ನಡಕ, ಆಭರಣ, ಲಿಪ್‌ಸ್ಟಿಕ್‌ಗಳನ್ನೂ ಹೀಗೆಯೇ ಮುಖದ ಮೇಲೆ ‘ಧರಿಸಿ’ ನೋಡಬಹುದು.

ಒಂದು ಕೋಣೆ, ಅಡುಗೆಮನೆಯಲ್ಲಿ ಸಂಸಾರ ಸಾಗಿಸುವ ಮುಂಬಯಿಗರಿಗೆ ಇದು ಉಪಕಾರಿಯೇ ಸರಿ. ಕಪಾಟು ಬಾಗಿಲಿಗೆ ಅಡ್ಡ ಬರುವುದೋ ಇಲ್ಲವೋ ಎಂಬ ಅಂದಾಜು ಮನೆಯಲ್ಲೇ ಸಿಗುತ್ತದೆ.

ಆದರೆ ವಸ್ತು ನಮ್ಮ ಮನೆಯೊಳಗೆ, ನಮ್ಮ ಕೊರಳಲ್ಲಿ ಕಂಡೊಡನೆ ಅದು ನಮ್ಮದೇ ಎಂಬ ಭಾವ ಮೂಡುತ್ತದೆ. ಬೇಕೇ, ಬೇಡವೇ ಎಂಬ ವಿವೇಚನೆಗೆ ಮೊದಲೇ ಬೆರಳು ಖರೀದಿಯ ಗುಂಡಿ ಒತ್ತಿರುತ್ತದೆ. ಪರದೆಯಲ್ಲಿ ಕಾಣುವುದು ಆಕಾರ ಮತ್ತು ಬಣ್ಣ ಮಾತ್ರ. ಮರದ ಗಟ್ಟಿತನ, ಬಟ್ಟೆಯ ನಯ, ಚಿನ್ನದ ತೂಕ ಅಲ್ಲಿ ತಿಳಿಯದು. ಬಣ್ಣವೂ ಕೋಣೆಯ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಮೇಲಾಗಿ, ಕ್ಯಾಮರಾಕ್ಕೆ ಅನುಮತಿ ಕೊಟ್ಟಾಗ ನಮ್ಮ ಮುಖ, ಮನೆಯ ಒಳಾಂಗಣವನ್ನೂ ತೆರೆದಿಟ್ಟಂತಾಗುತ್ತದೆ. ಆ ಚಿತ್ರಗಳು ಮೊಬೈಲ್‌ನಲ್ಲೇ ಉಳಿಯುತ್ತವೆಯೋ, ಕಂಪೆನಿಗೆ ಹೋಗುತ್ತವೆಯೋ ಎಂಬುದನ್ನು ಓದಿ ನೋಡುವವರು ಎಷ್ಟು ಮಂದಿ?

ಕಾನೂನು ಗ್ರಾಹಕನ ಬೆನ್ನಿಗಿದೆ. ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎನ್ನುತ್ತವೆ 2020ರ ಇ-ಕಾಮರ್ಸ್ ನಿಯಮಗಳು. ‘ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ಮಾರ್ಗಸೂಚಿ ನಿಷೇಧಿಸಿದೆ. ದೂರಿಗೆ 1915 ಸಹಾಯವಾಣಿ ಇದೆ. ಆದರೆ ದೂರಿಗೆ ಪುರಾವೆ ಬೇಕು. ಆದ್ದರಿಂದ ಪರದೆಯಲ್ಲಿ ಕಂಡ ಚಿತ್ರ, ಅಳತೆ, ವಾಪಸಾತಿಯ ಷರತ್ತುಗಳನ್ನು ಹಣ ಪಾವತಿಗೆ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಲೇಸು. ಟೇಪು ಹಿಡಿದು ಕೋಣೆಯನ್ನು ಒಮ್ಮೆ ಅಳೆದು ನೋಡುವುದೂ ಅಗತ್ಯ.

ನಮ್ಮ ಸಂಘ-ಸಂಸ್ಥೆಗಳು ಈ ನಿಟ್ಟಿನಲ್ಲಿ ಮುಂದೆ ಬರಬೇಕು. ಮಹಿಳಾ ವಿಭಾಗದ ಅರಶಿನ ಕುಂಕುಮ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ಯುವ ವಿಭಾಗದವರು ಹಿರಿಯರ ಮೊಬೈಲ್ ಕೈಗೆತ್ತಿಕೊಂಡು, ಕ್ಯಾಮರಾ ಅನುಮತಿಯನ್ನು ಕೊಡುವುದು, ಹಿಂಪಡೆಯುವುದು ಹೇಗೆಂದು ಕನ್ನಡದಲ್ಲೇ ತೋರಿಸಿಕೊಡಲಿ. ಬೆವರು ಸುರಿಸಿ ದುಡಿದ ಹಣಕ್ಕೆ ತಕ್ಕ ವಸ್ತು ಮನೆ ಸೇರಬೇಕಾದರೆ ಇಷ್ಟು ಎಚ್ಚರ ಬೇಕೇ ಬೇಕು.