ಆಟದ ನಿಯಮವೂ ಒಂದು ಸರಕು

ವಾಣಿಜ್ಯ ಪತ್ರಿಕೆಯಲ್ಲಿ ದೂರದರ್ಶನದ ಆಟಗಳ ಪ್ರಸ್ತಾಪವೇಕೆ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ಬೆಲ್ಲದ ಧಾರಣೆ, ಜಿಎಸ್‌ಟಿ ರಿಟರ್ನ್, ವಿದ್ಯುತ್ ದರ ಇವುಗಳ ನಡುವೆ ಇದೆಂಥ ಹರಟೆ ಎಂದು ಪುಟ ತಿರುಗಿಸುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕೆಂದು ವಿನಂತಿ. ಕಳೆದ ಕಾಲು ಶತಮಾನದಲ್ಲಿ ನಮ್ಮ ದೇಶವು ಹೊರಗಿನಿಂದ ಕೊಂಡ ಸರಕುಗಳಲ್ಲಿ ಒಂದು ಯಾವ ಬಂದರಿನಲ್ಲಿಯೂ ಇಳಿಯಲಿಲ್ಲ, ಯಾವ ಗೋದಾಮಿನಲ್ಲಿಯೂ ಜಾಗ ಹಿಡಿಯಲಿಲ್ಲ, ಯಾವ ತೂಕದ ಕಾಟಾದ ಮೇಲೂ ಏರಲಿಲ್ಲ. ಆದರೂ ಅದಕ್ಕೆ ಬೆಲೆ ಸಂದಾಯವಾಯಿತು. ಆ ಸರಕಿನ ಹೆಸರು ಗೇಮ್ ಶೋ ಫಾರ್ಮ್ಯಾಟ್, ಅಂದರೆ ಆಟವೊಂದನ್ನು ನಡೆಸುವ ಚೌಕಟ್ಟು.

2000ದ ಜುಲೈ 3ರಂದು ಸ್ಟಾರ್ ಪ್ಲಸ್ ವಾಹಿನಿಯಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾಯಿತು. ಅದರ ಮೂಲ 1998ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಬಂದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’. ಅದನ್ನು ರೂಪಿಸಿದ್ದು ಸೆಲಡಾರ್ ಎಂಬ, ಆಗ ಅಷ್ಟೇನೂ ದೊಡ್ಡದಲ್ಲದ ಸಂಸ್ಥೆ. 2012ರಲ್ಲಿ ಅದೇ ಆಟ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ಸುವರ್ಣ ವಾಹಿನಿಯ ‘ಕನ್ನಡದ ಕೋಟ್ಯಾಧಿಪತಿ’ಯಾಗಿ ನಮ್ಮ ಮನೆಗಳಿಗೆ ಬಂದಿತು, ತಮಿಳು ಮತ್ತು ಮಲಯಾಳಗಳಿಗೂ ಅದೇ ವರ್ಷ ಹೋಯಿತು. 2013ರಲ್ಲಿ ಬಂದ ‘ಬಿಗ್ ಬಾಸ್’ ಕನ್ನಡದ ಮೂಲ 1999ರ ಡಚ್ ಕಾರ್ಯಕ್ರಮ ‘ಬಿಗ್ ಬ್ರದರ್’. ನಾಲ್ಕು ಉತ್ತರಗಳು, ಮೂರು ಸಹಾಯಗಳು, ಮಂದ ಬೆಳಕು, ಎದೆಬಡಿತದಂಥ ಸಂಗೀತ, ಇವೆಲ್ಲ ಲಂಡನ್ನಿನಲ್ಲಿ ನಿಶ್ಚಯವಾದಂತೆಯೇ ಕನ್ನಡಕ್ಕೂ ಬಂದವು. ನಾವು ಸೇರಿಸಿದ್ದು ಭಾಷೆ, ಪ್ರಶ್ನೆ ಮತ್ತು ನಿರೂಪಕರ ಆತ್ಮೀಯತೆ. ಆ ಕೊನೆಯದಂತೂ ಯಾವ ಕೈಪಿಡಿಯಲ್ಲಿಯೂ ಸಿಗುವಂಥದಲ್ಲ.

ಪರದೇಶದ ಇಂಥ ಆಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಮೆರಿಕದ ‘ದಿ ಪ್ರೈಸ್ ಈಸ್ ರೈಟ್’. 1956ರಲ್ಲಿ ಹುಟ್ಟಿ, 1972ರಲ್ಲಿ ಹೊಸ ರೂಪ ಪಡೆದು ದಶಕಗಳ ಕಾಲ ನಡೆದುಬಂದ ಈ ಆಟದಲ್ಲಿ ರಾಜಧಾನಿಗಳ ಹೆಸರನ್ನಾಗಲಿ ಇಸವಿಗಳನ್ನಾಗಲಿ ಕೇಳುವುದಿಲ್ಲ. ಎದುರಿಗೆ ಒಂದು ಪದಾರ್ಥವನ್ನಿಟ್ಟು ಅಂಗಡಿಯಲ್ಲಿ ಇದರ ಬೆಲೆ ಎಷ್ಟು ಎಂದು ಕೇಳುತ್ತಾರೆ. ನಾಲ್ವರು ಒಬ್ಬರ ನಂತರ ಒಬ್ಬರು ಬೆಲೆ ಹೇಳಬೇಕು. ನಿಜವಾದ ಬೆಲೆಯನ್ನು ಮೀರದೆ ಅದಕ್ಕೆ ಅತಿ ಸಮೀಪ ಹೋದವನು ಗೆದ್ದಂತೆ. ಕೊನೆಗೆ ಹೇಳುವವನ ಅನುಕೂಲವೇ ಬೇರೆ: ಹಿಂದಿನವನ ಬೆಲೆಗೆ ಒಂದು ಡಾಲರ್ ಮಾತ್ರ ಸೇರಿಸಿ ಅವನ ದಾರಿ ಮುಚ್ಚಬಹುದು. ಮಹಾಲಿಂಗಪುರದ ಬೆಲ್ಲದ ಲಿಲಾವಿನಲ್ಲಿ ನಿಂತು ಅನುಭವವಿರುವವರಿಗೆ ಈ ಆಟವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ನಮ್ಮ ಭಾಗದ ಯಾವ ಅಡತಿ ಅಂಗಡಿಯ ಗುಮಾಸ್ತನನ್ನು ಕರೆದೊಯ್ದರೂ ಅಲ್ಲಿ ಬರಿಗೈಯಲ್ಲಿ ಹಿಂದಿರುಗಲಾರ ಎಂಬುದು ನನ್ನ ನಂಬಿಕೆ.

ಎರಡನೆಯದು ನೆದರ್‌ಲ್ಯಾಂಡ್ಸ್‌ನಿಂದ ಬಂದ ‘ಡೀಲ್ ಆರ್ ನೋ ಡೀಲ್’. ಮುಚ್ಚಿದ ಪೆಟ್ಟಿಗೆಗಳಲ್ಲಿ ಬೇರೆ ಬೇರೆ ಮೊತ್ತಗಳಿರುತ್ತವೆ. ಆಟಗಾರ ತನ್ನದೊಂದನ್ನು ಇಟ್ಟುಕೊಂಡು ಉಳಿದವುಗಳನ್ನು ತೆರೆಸುತ್ತ ಹೋಗುತ್ತಾನೆ. ನಡುನಡುವೆ ಬ್ಯಾಂಕರ್ ಎಂಬ ಕಾಣದ ವ್ಯಕ್ತಿ ಇಂತಿಷ್ಟು ಕೊಡುತ್ತೇನೆ, ಪೆಟ್ಟಿಗೆ ಬಿಟ್ಟುಕೊಡು ಎನ್ನುತ್ತಾನೆ. ಇಲ್ಲಿ ಜ್ಞಾನಕ್ಕೆ ಬೆಲೆಯಿಲ್ಲ, ಎದೆಗಾರಿಕೆಯದೇ ಪರೀಕ್ಷೆ. ಮುಂದೆ 2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್ ಮತ್ತು ಸಂಗಡಿಗರು ಈ ಆಟದ ಸಂಚಿಕೆಗಳನ್ನೇ ಅಧ್ಯಯನ ಮಾಡಿ 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದೊಡ್ಡ ಮೊತ್ತದ ಪೆಟ್ಟಿಗೆಗಳನ್ನು ಆಗಲೇ ಕಳೆದುಕೊಂಡ ಆಟಗಾರ ಎಚ್ಚರ ವಹಿಸುವ ಬದಲು ಇನ್ನೂ ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತಾನೆ, ಬ್ಯಾಂಕರ್ ಕೊಡುವ ನ್ಯಾಯವಾದ ಮೊತ್ತವನ್ನೂ ನಿರಾಕರಿಸುತ್ತಾನೆ ಎಂದು ಅವರು ಕಂಡುಕೊಂಡರು. ಧಾರಣೆ ಕುಸಿದ ಮೇಲೆಯೂ ದಾಸ್ತಾನು ಹಿಡಿದು, ಹೋದದ್ದನ್ನು ಎಳೆದು ತರುತ್ತೇನೆ ಎಂದು ಬಡ್ಡಿಗೆ ಸಾಲ ಎತ್ತುವವರ ಖಾತೆ ಪುಸ್ತಕಗಳನ್ನು ಪ್ರತಿ ವರ್ಷ ನೋಡುವ ನನ್ನಂಥವರಿಗೆ ಇದು ಹೊಸದೆನಿಸುವುದಿಲ್ಲ.

ಜಪಾನಿನಲ್ಲಿ 2001ರಲ್ಲಿ ಹುಟ್ಟಿ, 2005ರಲ್ಲಿ ಬಿಬಿಸಿಯ ‘ಡ್ರಾಗನ್ಸ್ ಡೆನ್’, 2009ರಲ್ಲಿ ಅಮೆರಿಕದ ‘ಶಾರ್ಕ್ ಟ್ಯಾಂಕ್’ ಆಗಿ, 2021ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ಆಟವನ್ನು ನಮ್ಮ ಯುವ ಉದ್ಯಮಿಗಳು ಬಹಳ ಮೆಚ್ಚಿದ್ದಾರೆ. ನನಗೆ ಅಷ್ಟು ಮೆಚ್ಚಿಗೆಯಿಲ್ಲ. ಪರದೆಯ ಮೇಲೆ ಕೈಕುಲುಕಿದ ಮಾತ್ರಕ್ಕೆ ವ್ಯವಹಾರ ಮುಗಿಯದು. ಲೆಕ್ಕಪತ್ರಗಳ ಪರಿಶೀಲನೆ ಆಮೇಲೆ ನಡೆಯುತ್ತದೆ, ಅಲ್ಲಿ ಮುರಿದುಬೀಳುವ ಒಪ್ಪಂದಗಳೂ ಉಂಟು.

ಇನ್ನು ಬಹುಮಾನದ ಲೆಕ್ಕ. ‘ಕರೋಡ್‌ಪತಿ’ ಆರಂಭವಾದ ಮರುವರ್ಷ, 2001ರ ಹಣಕಾಸು ಅಧಿನಿಯಮದ ಮೂಲಕ, ದೂರದರ್ಶನದ ಗೇಮ್ ಶೋ ಬಹುಮಾನವೂ ಲಾಟರಿ, ಕುದುರೆ ಪಂದ್ಯಗಳ ಸಾಲಿನ ಆದಾಯವೇ ಎಂದು ಆದಾಯ ತೆರಿಗೆ ಕಾನೂನಿನಲ್ಲಿ ಸ್ಪಷ್ಟಪಡಿಸಲಾಯಿತು. ಇದಕ್ಕೆ ನೇರವಾಗಿ ಶೇ. 30 ತೆರಿಗೆ. ಮೂಲ ವಿನಾಯಿತಿ ಮಿತಿಯ ಲಾಭವಿಲ್ಲ, ವಿಮೆ-ಭವಿಷ್ಯನಿಧಿಗಳ ಕಡಿತವಿಲ್ಲ, ಖರ್ಚಿನ ಕಳೆಯುವಿಕೆಯೂ ಇಲ್ಲ. ಬೇರೆ ಆದಾಯವಿಲ್ಲದವನೊಬ್ಬ ಒಂದು ಕೋಟಿ ಗೆದ್ದನೆನ್ನಿ. ತೆರಿಗೆ 30 ಲಕ್ಷ, ಅದರ ಮೇಲೆ ಶೇ. 10 ಸರ್‌ಚಾರ್ಜ್ 3 ಲಕ್ಷ, ಒಟ್ಟಿನ ಮೇಲೆ ಶೇ. 4 ಸೆಸ್ 1.32 ಲಕ್ಷ, ಎಲ್ಲ ಸೇರಿ 34.32 ಲಕ್ಷ ರೂಪಾಯಿ. ಆದರೆ ವಾಹಿನಿಯವರು ಮೂಲದಲ್ಲಿ ಕಡಿತ ಮಾಡುವುದು 30 ಲಕ್ಷ ಮಾತ್ರ. ಉಳಿದ 4.32 ಲಕ್ಷವನ್ನು ಗೆದ್ದವನೇ ಮುಂಗಡ ತೆರಿಗೆಯಾಗಿ ಕಟ್ಟಬೇಕು. ಕೈಗೆ 70 ಲಕ್ಷ ಬಂದಿತೆಂದು ಅಷ್ಟಕ್ಕೂ ಹೊಲ ಖರೀದಿಸಿದವನ ಗತಿ ಏನು? 1961ರ ಅಧಿನಿಯಮದ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಅಧಿನಿಯಮ ಬಂದುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ಶೇ. 30ರ ದರ ಹಾಗೆಯೇ ಉಳಿದಿದೆ.

ಇದು ನಮ್ಮ ಸದಸ್ಯರಿಗೂ ತಟ್ಟುವ ವಿಷಯ. ದೀಪಾವಳಿಗೆ ಲಕ್ಕಿ ಡ್ರಾ ನಡೆಸಿ ಮೋಟಾರ್ ಸೈಕಲ್ ಕೊಡುವ ಅಂಗಡಿಯವರು ನಗದಿನ ಬದಲು ವಸ್ತು ಕೊಟ್ಟರೆ ತೆರಿಗೆಯ ಗೊಡವೆಯಿಲ್ಲ ಎಂದು ಭಾವಿಸುವುದುಂಟು. ಬಹುಮಾನ 10,000 ರೂಪಾಯಿ ಮೀರಿದರೆ, ವಸ್ತುವನ್ನು ಹಸ್ತಾಂತರಿಸುವ ಮೊದಲೇ ಅದರ ತೆರಿಗೆ ಸಂದಾಯವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ಕೊಡುವವನದು. ಅಲ್ಲದೆ, ಮಾರಾಟ ಹೆಚ್ಚಿಸುವ ಉದ್ದೇಶದಿಂದ ಲಾಟರಿ ಅಥವಾ ಅದೃಷ್ಟದ ಆಟ ನಡೆಸುವುದನ್ನೇ ಗ್ರಾಹಕ ಸಂರಕ್ಷಣಾ ಕಾನೂನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ನೇರವಾಗಿ ದರದಲ್ಲಿ ರಿಯಾಯಿತಿ ಕೊಡುವುದು ಲೇಸೆಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ; ಕೇಳುವವರು ಕಡಿಮೆ. ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಕನ್ನಡ ಪುಸ್ತಕವೇ ಬಹುಮಾನ. ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆ ಕಂಡ ಈ ಕಾರ್ಯಕ್ರಮಕ್ಕೆ ಪರದೇಶದ ಯಾವ ಫಾರ್ಮ್ಯಾಟೂ ಬೇಕಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆಟದ ಚೌಕಟ್ಟಿನ ಮೇಲೆ ಕಾನೂನಿನ ಒಡೆತನ ಇದೆಯೇ? ಬ್ರಿಟನ್ನಿನಲ್ಲಿ ಹ್ಯೂಯಿ ಗ್ರೀನ್ ಎಂಬವರು ‘ಆಪರ್ಚುನಿಟಿ ನಾಕ್ಸ್’ ಎಂಬ ಪ್ರತಿಭಾ ಸ್ಪರ್ಧೆ ನಡೆಸುತ್ತಿದ್ದರು. ನ್ಯೂಜಿಲೆಂಡಿನ ಪ್ರಸಾರ ಸಂಸ್ಥೆ ಅದೇ ಹೆಸರು, ಅವೇ ಪಲ್ಲವಿಯಂಥ ಮಾತುಗಳು, ಚಪ್ಪಾಳೆಯನ್ನು ಅಳೆಯುವ ಅದೇ ಯಂತ್ರವನ್ನು ಬಳಸಿ ಸ್ಪರ್ಧೆ ನಡೆಸಿತು. ಗ್ರೀನ್ ದಾವೆ ಹೂಡಿದರು; 1989ರಲ್ಲಿ ಪ್ರಿವಿ ಕೌನ್ಸಿಲ್ ಅವರ ವಿರುದ್ಧ ತೀರ್ಪಿತ್ತಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ, ಬರಿಯ ಕಲ್ಪನೆಗೆ ಅಥವಾ ವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೀತಿಗೆ ಮಾತ್ರ ಇದೆ ಎಂದು ಹೇಳಿದೆ. ಹೀಗಿದ್ದೂ ವಾಹಿನಿಗಳು ಹಣ ತೆತ್ತು ಫಾರ್ಮ್ಯಾಟ್ ಕೊಳ್ಳುವುದೇಕೆ? ಕಾರಣ, ಮಾರುವವನು ಕಲ್ಪನೆಯನ್ನಷ್ಟೇ ಮಾರುವುದಿಲ್ಲ. ದೀಪ ಯಾವ ಕ್ಷಣ ಮಂಕಾಗಬೇಕು, ಪ್ರಶ್ನೆಯ ಕಾಠಿಣ್ಯ ಎಲ್ಲಿ ಏರಬೇಕು, ಆಟಗಾರರನ್ನು ಹೇಗೆ ಆರಿಸಬೇಕು ಎಂಬುದನ್ನೆಲ್ಲ ಬರೆದಿಟ್ಟ ಕೈಪಿಡಿ, ನೋಂದಾಯಿತ ಹೆಸರು ಮತ್ತು ಚಿಹ್ನೆ, ಸಂಗೀತದ ಹಕ್ಕು, ಇತರ ದೇಶಗಳಲ್ಲಿ ಎಡವಿ ಕಲಿತ ಅನುಭವ, ಎಲ್ಲವನ್ನೂ ಒಂದೇ ಕರಾರಿನಲ್ಲಿ ಕಟ್ಟಿ ಕೊಡುತ್ತಾನೆ. ಕಾನೂನಿನ ರಕ್ಷಣೆ ತೆಳುವಾದಲ್ಲಿ ಅವರು ಕಾಗದವನ್ನು ಗಟ್ಟಿ ಮಾಡಿಕೊಂಡರು.

ಆ ಕಾಗದದಲ್ಲಿಯೂ ಒಂದು ಸಂದಿ ಉಳಿದರೆ ಏನಾದೀತು ಎಂಬುದಕ್ಕೆ ಸೆಲಡಾರ್ ಸಂಸ್ಥೆಯ ಕಥೆಯೇ ಸಾಕು. ಅಮೆರಿಕದಲ್ಲಿ ಈ ಆಟವನ್ನು 1999ರಲ್ಲಿ ಡಿಸ್ನಿ ಸಮೂಹಕ್ಕೆ ಸೇರಿದ ಎಬಿಸಿ ವಾಹಿನಿ ಪ್ರಸಾರ ಮಾಡಿತು. ಸೆಲಡಾರ್‌ಗೆ ಅದರ ಲಾಭದಲ್ಲಿ ಅರ್ಧ ಪಾಲು ಎಂಬುದು ಕರಾರು. ಕಾರ್ಯಕ್ರಮ ಅಮೆರಿಕವನ್ನೇ ಮರುಳು ಮಾಡಿತು, ವಾಹಿನಿಗೆ ಜಾಹೀರಾತಿನ ಹೊಳೆ ಹರಿಯಿತು. ಆದರೆ ಲೆಕ್ಕದ ಪುಸ್ತಕದಲ್ಲಿ ಲಾಭವೇ ಕಾಣಲಿಲ್ಲ! ಹೇಗೆಂದರೆ, ಕಾರ್ಯಕ್ರಮ ತಯಾರಿಸಿದ್ದು ಡಿಸ್ನಿಯದೇ ಒಂದು ಅಂಗಸಂಸ್ಥೆ, ಕೊಂಡದ್ದು ಡಿಸ್ನಿಯದೇ ವಾಹಿನಿ. ತಯಾರಿಕೆಯ ಖರ್ಚಿಗೆ ಸರಿಸಮನಾದ ಬೆಲೆಯನ್ನಷ್ಟೇ ವಾಹಿನಿ ತನ್ನ ಸೋದರ ಸಂಸ್ಥೆಗೆ ಕೊಟ್ಟಿತು. ಖರ್ಚು ಮತ್ತು ಮಾರಾಟ ಸಮವಾದ ಮೇಲೆ ಹಂಚುವುದೇನನ್ನು? ಬಲಗಿಸೆಯಿಂದ ಎಡಗಿಸೆಗೆ ಹಣ ಹಾಕಿದಂಥ ವ್ಯವಹಾರ. 2004ರಲ್ಲಿ ಸೆಲಡಾರ್ ದಾವೆ ಹೂಡಿತು. 2010ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 26.94 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗೆದ್ದರು, ನಿಜ, ಆದರೆ ಎಂಟು ವರ್ಷ ವಕೀಲರ ಶುಲ್ಕ ಭರಿಸುವ ಶಕ್ತಿ ಅವರಿಗಿತ್ತು. ರಬಕವಿ-ಬನಹಟ್ಟಿಯ ನಾಲ್ಕು ಮಗ್ಗದ ಮಾಲೀಕನಿಗೆ ಅದು ಇದೆಯೇ?

ನಮ್ಮ ಲೋಕಾಪುರದ ಸುಣ್ಣಕಲ್ಲನ್ನು ನೋಡಿ. (ಕಲಾದಗಿ ಶಿಲಾಸಮೂಹದ ಒಂದು ಉಪಗುಂಪಿಗೆ ಭೂವಿಜ್ಞಾನಿಗಳು ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ; ಅದಕ್ಕಾಗಿ ನಮಗೆ ಯಾರೂ ರಾಯಲ್ಟಿ ಕೊಡುವುದಿಲ್ಲ, ಆ ಮಾತು ಬೇರೆ.) ಕಲ್ಲು ತೆಗೆಯುವವನಿಂದ ಸರ್ಕಾರ ಟನ್ನಿಗೆ ಇಂತಿಷ್ಟು ಎಂದು ರಾಯಲ್ಟಿ ಪಡೆಯುತ್ತದೆ. ಅವನಿಗೆ ಆ ವರ್ಷ ಲಾಭವೋ ನಷ್ಟವೋ ಎಂದು ಕೇಳುವುದಿಲ್ಲ. ಸುಣ್ಣಕಲ್ಲಿನ ಈ ಸರಳ ಪದ್ಧತಿಯನ್ನು ಲಂಡನ್ನಿನ ಸಂಸ್ಥೆ ಅನುಸರಿಸಿದ್ದರೆ, ಅಂದರೆ ಸಂಚಿಕೆಗೆ ಇಂತಿಷ್ಟು ಅಥವಾ ಜಾಹೀರಾತಿನ ಒಟ್ಟು ವರಮಾನದಲ್ಲಿ ಇಂತಿಷ್ಟು ಎಂದು ಬರೆಸಿಕೊಂಡಿದ್ದರೆ, ಆ ದಾವೆಯ ಪ್ರಮೇಯವೇ ಇರುತ್ತಿರಲಿಲ್ಲ. ಹೊಸ ನಮೂನೆ ಕೊಟ್ಟು ದೊಡ್ಡ ವ್ಯಾಪಾರಿಯ ಲಾಭದಲ್ಲಿ ಪಾಲು ಕೇಳುವ ನಮ್ಮ ಸಣ್ಣ ಉತ್ಪಾದಕರಿಗೆ ನನ್ನ ಸಲಹೆ ಇದೇ: ಲಾಭದ ಪಾಲು ಬೇಡ, ನಗಕ್ಕೆ ಇಂತಿಷ್ಟು ಎಂದು ಬರೆಸಿಕೊಳ್ಳಿ. ಲಾಭ ಎಂಬುದು ಲೆಕ್ಕ ಬರೆಯುವವನ ಕೈಯಲ್ಲಿರುವ ಅಂಕಿ, ನಗವನ್ನು ಎಣಿಸಬಹುದು. ಅವರ ಮಾರಾಟದ ಪುಸ್ತಕ ನೋಡುವ ಹಕ್ಕನ್ನೂ ಕರಾರಿನಲ್ಲಿ ಸೇರಿಸಿ.

ಆದರೆ ನಮ್ಮಲ್ಲಿ ಕರಾರಿನವರೆಗೆ ಹೋಗುವುದೇ ಅಪರೂಪ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಅದು ಇಡೀ ಸಮುದಾಯದ ಹೆಸರನ್ನು ಕಾಯುತ್ತದೆ. ಒಬ್ಬ ನೇಕಾರ ತಾನೇ ಕೂತು ರೂಪಿಸಿದ ಹೊಸ ದಡಿಯ ನಮೂನೆಯನ್ನು ಅದು ಕಾಯುವುದಿಲ್ಲ. ಜಕಾರ್ಡ್ ಕಾರ್ಡು ಕೊರೆಯುವವನ ಮನೆಯಿಂದಲೇ ನಮೂನೆ ಹೊರಬಿದ್ದು, ಹದಿನೈದು ದಿನಗಳಲ್ಲಿ ಬೇರೆ ಊರಿನ ವಿದ್ಯುತ್ ಮಗ್ಗಗಳ ಮೇಲೆ ಓಡುವುದನ್ನು ಎಲ್ಲರೂ ಬಲ್ಲರು. ಕೃತಿಸ್ವಾಮ್ಯ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ನಮೂನೆಯನ್ನು ಯಂತ್ರದ ಮೂಲಕ 50ಕ್ಕಿಂತ ಹೆಚ್ಚು ಬಾರಿ ಉತ್ಪಾದಿಸಿದರೆ ಅದರ ಕೃತಿಸ್ವಾಮ್ಯವೇ ಅಂತ್ಯವಾಗುತ್ತದೆ ಎಂದು 1957ರ ಕಾಯ್ದೆಯ 15ನೇ ಕಲಮು ಹೇಳುತ್ತದೆ. ಐವತ್ತು ಸೀರೆ ಎಂದರೆ ನಮ್ಮಲ್ಲಿ ಎಷ್ಟು ದಿನದ ಮಾತು? 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ಮುಂದೆ ಇನ್ನೈದು ವರ್ಷ ರಕ್ಷಣೆಯುಂಟು. ಒಂದೇ ಷರತ್ತೆಂದರೆ, ಮೊದಲ ಸೀರೆ ಅಂಗಡಿಯ ಗಾಜಿನ ಕಪಾಟಿಗೆ ಹೋಗುವ ಮೊದಲೇ ಅರ್ಜಿ ಸಲ್ಲಿಕೆಯಾಗಬೇಕು. ನಾಲ್ಕು ಜನ ನೋಡಿದ ಮೇಲೆ ಅದು ಹೊಸ ನಮೂನೆಯೆನಿಸದು. ನಕಲು ಮಾಡಿದವನಿಂದ ಗೊತ್ತುಪಡಿಸಿದ ಹಣವಾಗಿ ವಸೂಲಾಗುವುದು ಒಂದು ನಮೂನೆಗೆ ಒಟ್ಟು 50,000 ರೂಪಾಯಿ ಮಾತ್ರ. ಇದು ತೀರ ಕಡಿಮೆಯಾಯಿತೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಅದರ ಬದಲು ನಷ್ಟ ಪರಿಹಾರಕ್ಕೂ, ತಡೆಯಾಜ್ಞೆಗೂ ದಾವೆ ಹೂಡುವ ಅವಕಾಶವಿದೆ, ಮತ್ತು ಋತುವಿನ ನಡುವೆ ಸಿಕ್ಕ ತಡೆಯಾಜ್ಞೆಗೆ ನಗದಿಗಿಂತ ಹೆಚ್ಚು ಬೆಲೆ.

ನಮ್ಮ ಸಂಸ್ಥೆಯ ಕಚೇರಿಯಲ್ಲಿ ಎರಡು ಕಾಗದಗಳು ಸದಾ ಲಭ್ಯವಿರಬೇಕೆಂದು ಪದಾಧಿಕಾರಿಗಳಲ್ಲಿ ಕೋರುತ್ತೇನೆ: ನಗದ ಲೆಕ್ಕದಲ್ಲಿ ರಾಯಲ್ಟಿ ಪಡೆಯುವ ಕರಾರಿನ ಕನ್ನಡ ಮಾದರಿ, ಮತ್ತು ವಿನ್ಯಾಸ ನೋಂದಣಿಯ ಅರ್ಜಿ ತುಂಬುವ ವಿವರ. ಮೊದಲನೆಯದರ ಕರಡನ್ನು ಸಿದ್ಧಪಡಿಸಿಕೊಡಲು ನಾನು ಒಪ್ಪಿದ್ದೇನೆ. ಮುಂದಿನ ಸರ್ವಸಾಧಾರಣ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿದರೆ, ಮಗ್ಗದವರೂ ಅಂಗಡಿಯವರೂ ಎದುರುಬದುರು ಕುಳಿತು ಅದರ ಕಲಮುಗಳನ್ನು ಚರ್ಚಿಸಬಹುದು.