ತಣ್ಣಗಿದ್ದಾಗ ಹಿಡಿಯುವ ಬ್ರೇಕು
ಗದಗಿನಿಂದ ಲಕ್ಷ್ಮೇಶ್ವರಕ್ಕೋ ಮುಂಡರಗಿಗೋ ನಿತ್ಯವೂ ಕಾರಿನಲ್ಲಿ ಹೋಗಿ ಬರುವವರಲ್ಲಿ, ಬ್ರೇಕ್ ಪ್ಯಾಡ್ ಸವೆದಾಗ ಪಂದ್ಯದ ಕಾರಿಗೆ ಹಾಕುವಂಥದೇ ಉತ್ತಮವೆಂದು ನಂಬುವವರುಂಟು. ಆದರೆ ಅಂಥ ಪ್ಯಾಡು ಚೆನ್ನಾಗಿ ಕಾದ ಮೇಲೆಯೇ ಬಿಗಿಯಾಗಿ ಹಿಡಿಯುವುದು. ಕಪ್ಪತಗುಡ್ಡ ದೂರದಲ್ಲಿ ಕಂಡರೂ ಈ ಎರೆಯ ಬಯಲಿನ ದಾರಿಯಲ್ಲಿ ಬ್ರೇಕನ್ನು ಕಾಯಿಸುವಂಥ ಘಟ್ಟದ ಇಳಿಜಾರಿಲ್ಲ. ಕುರಿಹಿಂಡೂ ಅದರ ಬೆನ್ನಿಗೆ ಕುರಿಗಾಹಿ ಹುಡುಗನೂ ಒಮ್ಮೆಲೇ ಅಡ್ಡ ಬಂದಾಗ, ತಣ್ಣಗಿರುವ ಪ್ಯಾಡೇ ಮೊದಲ ತುಳಿತಕ್ಕೆ ಕಾರನ್ನು ನಿಲ್ಲಿಸಬೇಕು. ಆದುದರಿಂದ ಕಾರಿನ ತಯಾರಕರು ಸೂಚಿಸಿದ ಸಾಮಾನ್ಯ ಬಗೆಯೇ ಲೇಸು. ಪದರು ಸುಮಾರು 3 ಮಿಲಿಮೀಟರಿಗೆ ಇಳಿದಾಗ ಎಡಬಲದ ಎರಡೂ ಗಾಲಿಗಳ ಪ್ಯಾಡುಗಳನ್ನು ಕೂಡಿಯೇ ಬದಲಿಸತಕ್ಕದ್ದು. ಬದಲಿಸಿದ ಮೇಲೆ ಪೆಡಲನ್ನು ಹಲವು ಸಲ ತುಳಿದು, ಅದು ಗಟ್ಟಿಯಾದುದನ್ನು ಕಂಡೇ ಗಾಡಿಯನ್ನು ಹೊರಡಿಸಬೇಕು.